ಸೋರ್ತಾ ಇತ್ತು, ನಿಲ್ಲಿಸ್ದೆ

"ಸೋರ್ತಾ ಇತ್ತು ಸಾರ್, ನಾನೇ ನಿಲ್ಲಿಸ್ದೆ." ಕಟ್ಟಡ ನೋಡಿಕೊಳ್ಳುವವರು ಇದನ್ನು ಹೇಳಿದ ಧಾಟಿ ಮಂಗಳವಾರದಿಂದ ಕಿವಿಯಲ್ಲೇ ಕೂತಿದೆ. ದನಿಯಲ್ಲಿ ಹೆಮ್ಮೆಯೇ ಇತ್ತು. ನಿಲ್ಲಿಸಿದ್ದು ಹೇಗೆಂದರೆ, ನಾನು ಪರೀಕ್ಷಿಸಲು ಹೋಗಿದ್ದ ಬ್ಯಾಕ್‌ಫ್ಲೋ ಸಾಧನದ (ಕಟ್ಟಡದ ನೀರು ಬೀದಿಯ ಕೊಳವೆಗೆ ವಾಪಸ್ ಹರಿಯದಂತೆ ತಡೆಯುವಂಥದ್ದು) ಹೊಟ್ಟೆಯಡಿ ಬಾಯಿ ತೆರೆದಿರುವ ರಿಲೀಫ್ ವಾಲ್ವಿಗೆ ಹಳೇ ಬಟ್ಟೆ ಸುತ್ತಿದ ಮರದ ಬೆಣೆ ಬಡಿದು.

ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂದು ನೀರು ಸರಬರಾಜಿನವರ ನೋಟಿಸ್ ಬಂದಾಗ ಎಲ್ಲರ ಪ್ರಶ್ನೆ ಒಂದೇ: ನೀರು ಚೆನ್ನಾಗೇ ಬರ್ತಿದೆಯಲ್ಲ? ಬರುತ್ತಿದೆ, ಸರಿ. ವಾಪಸ್ ಹೋಗುವ ನೀರಿನ ಚಿಂತೆ ಇದು. ಮುಖ್ಯ ಕೊಳವೆ ಒಡೆದರೆ, ಬೆಂಕಿ ಆರಿಸಲು ಒಮ್ಮೆಗೇ ನೀರೆಳೆದರೆ, ಬೀದಿಯ ಒತ್ತಡ ಕುಸಿದು ಗ್ರಾಹಕರ ಕಡೆಯ ಕೊಳಕು ಹಿಂದಕ್ಕೆ ಎಳೆದುಕೊಳ್ಳುತ್ತದೆ. 1969ರಲ್ಲಿ ಅಮೆರಿಕದ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕಾಮಾಲೆ ಹಬ್ಬಿದ್ದು ಹೀಗೇ. ಹತ್ತಿರದಲ್ಲಿ ಬೆಂಕಿ ಬಿತ್ತು, ಒತ್ತಡ ಇಳಿಯಿತು, ಮೈದಾನಕ್ಕೆ ನೀರು ಹಾಯಿಸುವ ಗುಂಡಿಯ ಕೊಳೆ ಆಟಗಾರರ ಕುಡಿಯುವ ನಲ್ಲಿ ಸೇರಿತು. ಎರಡು ಪಂದ್ಯಕ್ಕೇ ಅವರ ಆ ವರ್ಷದ ಆಟ ಮುಗಿಯಿತು.

ಮಂಗಳವಾರದ್ದು ಆರ್‌ಪಿ ಸಾಧನ, ಅಂದರೆ ನಡುವೆ ಒತ್ತಡ ತಗ್ಗಿಸಿಟ್ಟುಕೊಳ್ಳುವ (ರೆಡ್ಯೂಸ್ಡ್ ಪ್ರೆಶರ್) ಬಗೆಯದು. ನೀರನ್ನು ಒಂದೇ ದಿಕ್ಕಿಗೆ ಬಿಡುವ, ಸ್ಪ್ರಿಂಗ್ ಕೂರಿಸಿದ ಎರಡು ಚೆಕ್ ವಾಲ್ವ್, ನಡುವೆ ರಿಲೀಫ್, ಎರಡು ತುದಿಗೆ ಬಂದ್ ಮಾಡುವ ವಾಲ್ವ್, ಗೇಜ್ ಜೋಡಿಸಲು ಟೆಸ್ಟ್ ಕಾಕ್ ಎಂಬ ನಾಲ್ಕು ಪುಟ್ಟ ನಲ್ಲಿ. ನಡುವಿನ ಕೋಣೆಯ ಒತ್ತಡ ಒಳಬರುವ ಒತ್ತಡಕ್ಕಿಂತ ಕಡಿಮೆಯೇ ಇರಬೇಕು. ಆ ಅಂತರ 2 ಪಿಎಸ್‌ಐಗಿಂತ (ಒತ್ತಡದ ಅಳತೆ) ಕೆಳಗಿಳಿಯುವ ಮೊದಲೇ ರಿಲೀಫ್ ತೆರೆದು ನೀರನ್ನು ನೆಲಕ್ಕೆ ಚೆಲ್ಲಬೇಕು. ಸೋರುವುದೇ ಅದರ ಕೆಲಸ! ಬೆಣೆ ಬಡಿದ ಮೇಲೆ ಉಳಿದದ್ದು ಬರೀ ದುಬಾರಿ ಹಿತ್ತಾಳೆ.

ಬೆಣೆ ಕಿತ್ತ ಕೂಡಲೇ ನೀರು ಸುರಿಯತೊಡಗಿತು. ನಾಲ್ಕನೇ ಕಾಕ್ ತೆರೆದು ನೀರು ಹರಿಸಿದಾಗ ನಿಂತಿತು. ಹಾಗೆ ನಿಂತರೆ ತಪ್ಪು ಬಹುಪಾಲು ಮೊದಲನೇ ಚೆಕ್ಕಿನದು. ನಿಲ್ಲದಿದ್ದರೆ ರಿಲೀಫನ್ನೇ ಬಿಚ್ಚಿ ನೋಡಬೇಕು. ಆಗಾಗ ಉಗುಳಿ ಸುಮ್ಮನಾಗುತ್ತಿದ್ದರೆ ಒಳಬರುವ ಒತ್ತಡದ ಏರಿಳಿತವನ್ನು ಮೊದಲು ಅನುಮಾನಿಸಬೇಕು. ಇಲ್ಲಿ ಮುಚ್ಚಳ ತೆಗೆದಾಗ ಸಿಕ್ಕಿದ್ದು ಕಿರುಬೆರಳ ಉಗುರಿನಷ್ಟು ತುಕ್ಕಿನ ಚಕ್ಕೆ. ರಬ್ಬರ್ ಬಿಲ್ಲೆಗೂ ಅದು ಕೂರುವ ಜಾಗಕ್ಕೂ ನಡುವೆ ಅಡ್ಡ ಕೂತು ರಬ್ಬರಿನಲ್ಲಿ ಗೀರು ಕೊರೆದಿತ್ತು. ಬಿಲ್ಲೆ ಬದಲಾಯಿತು. ನೀರನ್ನು ನಿಧಾನಕ್ಕೇ ಬಿಡಬೇಕು, ಇಲ್ಲವಾದರೆ ಇನ್ನೊಂದು ಚಕ್ಕೆ ಬಂದು ಅಲ್ಲೇ ಕೂರುತ್ತದೆ.

ಆಮೇಲೆ ಒತ್ತಡದ ಅಂತರ ಅಳೆಯುವ ಗೇಜ್. ಕಾಕ್‌ಗಳಿಂದ ಕಸ ಹೋಗುವಷ್ಟು ನೀರು ಬಿಟ್ಟು, ಹೆಚ್ಚಿನ ಒತ್ತಡದ ಹೋಸ್ ಎರಡನೆಯದಕ್ಕೆ, ಕಡಿಮೆಯದು ಮೂರನೆಯದಕ್ಕೆ. ಗಾಳಿ ಪೂರ್ತಿ ತೆಗೆದು, ನೀರು ಹೊರಹೋಗುವ ತುದಿಯ ವಾಲ್ವ್ ಬಂದ್. ಗೇಜಿನ ಕಡಿಮೆ ಒತ್ತಡದ ಬದಿಯ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿದರೆ ಮುಳ್ಳು ದಡಕ್ಕನೆ ಬಿದ್ದು ಓದೇ ಸಿಗದು. ರಿಲೀಫ್ ಬಾಯಿಗೆ ಅಂಗೈ ಒಡ್ಡಿ ಮೊದಲ ಹನಿ ಬಿದ್ದ ಕ್ಷಣ ಓದಬೇಕು: 2.6. ಎರಡನೇ ಚೆಕ್ 1.8, ಕನಿಷ್ಠ 1 ಸಾಕು. ಮೊದಲನೆಯದು 7.4, ಅಲ್ಲಿ 5 ಬೇಕು. ಪಾಸ್.

ಸಿಟ್ಟು ಬಂದದ್ದು ಬೆಣೆಯವರ ಮೇಲಲ್ಲ. ಹಳೆಯ ವರದಿಗಳ ಫೈಲಿನಲ್ಲಿ ಮೂರು ವರ್ಷವೂ ಅವೇ ಅಂಕಿ, ದಶಮಾಂಶವೂ ಕದಲಿಲ್ಲ. ಸ್ಪ್ರಿಂಗ್ ಸವೆಯುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ, ಗೇಜನ್ನೂ ವರ್ಷಕ್ಕೊಮ್ಮೆ ಸರಿನೋಡಿಸಬೇಕು. ಅಂಕಿ ಮಾತ್ರ ಚಿರಂಜೀವಿ. ಹೋಸ್ ಜೋಡಿಸದೆಯೇ ಬರೆದದ್ದೆಂಬ ಗುಮಾನಿ ನನ್ನದು. ಸೋರುವುದನ್ನು ನಿಲ್ಲಿಸಿದವರು ಕಣ್ಣಿಗೆ ಕಂಡದ್ದಕ್ಕಾದರೂ ಮದ್ದು ಹುಡುಕಿದರು. ರಿಲೀಫ್ ಇಲ್ಲದೆ ಬರೀ ಎರಡು ಚೆಕ್ ವಾಲ್ವಿನ ಡಬಲ್ ಚೆಕ್ ಸಾಧನ ಇರುವ ಕಡೆಯಂತೂ ಸೋರಲು ಬಾಯಿಯೇ ಇಲ್ಲ. ಎರಡೂ ಕೆಟ್ಟರೂ ಹೊರಗೆ ಒಂದು ಹನಿ ಕಾಣದು, ಗೇಜ್ ಹಾಕುವವರೆಗೂ.

"ಮತ್ತೆ ಸೋರಿದ್ರೆ?" ಎಂದರು ಹೊರಡುವಾಗ. ಫೋನ್ ಮಾಡಿ ಅಂದದ್ದಕ್ಕೆ ತಲೆಯಾಡಿಸಿದರು. ಬೆಣೆಯನ್ನು ಮಾತ್ರ ಎಸೆಯಲಿಲ್ಲ. ಬಟ್ಟೆ ಹಿಂಡಿ, ಪಂಪಿನ ಕೋಣೆಯ ಕಿಟಕಿಯಲ್ಲಿ ಒಣಗಲಿಟ್ಟರು.