ಕ್ಯಾನ್ ಮೇಲಿನ ಮುದ್ರೆ

ನಮ್ಮ ಮಾಮನದು ಹಳೇ ಪಿ.ಬಿ. ರೋಡಿನಲ್ಲಿ, ದಾವಣಗೆರೆ ಬಿಟ್ಟು ಹರಿಹರದ ಕಡೆ ಹೋಗುವಾಗ, ಒಂದು ಸಣ್ಣ ಪೆಟ್ರೋಲ್ ಬಂಕ್ ಇದೆ. ಎರಡೇ ಮಷೀನು, ಒಂದು ಗಾಳಿ ಹಿಡಿಯೋ ಪಂಪು, ಒಂದು ಬೇವಿನ ಮರ. ವಾರಕ್ಕೆರಡು ಸಂಜೆ ನಾನು ಹೋಗಿ ಲೆಕ್ಕ ಬರೆದು ಕೊಡುತ್ತೇನೆ. ಸಂಬಳ ಇಲ್ಲ. ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ, ಬೈಕಿಗೆ ಎರಡು ಲೀಟರ್ ಪೆಟ್ರೋಲು. (ಇದನ್ನೂ ಲಂಚದ ಲೆಕ್ಕದಲ್ಲಿ ಬರೀತೀಯೇನು ಅಂತ ಮಾಮ ರೇಗಿಸ್ತಾರೆ.)

ಹೋದ ವರ್ಷ ದೀಪಾವಳಿಗೆ ಎರಡು ದಿನ ಇರುವಾಗ ಅಲ್ಲೊಂದು ಜಗಳ ಆಯಿತು. ಮೆಕ್ಕೆಜೋಳದ ಲೋಡ್ ಹಾಕಿಕೊಂಡು ಬಂದ ಗಾಡಿಯವನೊಬ್ಬ ಡೀಸೆಲ್ ಕಮ್ಮಿ ಬಿತ್ತು ಅಂತ ಗಲಾಟೆ ಶುರು ಮಾಡಿದ. ಬಂಕಿನಲ್ಲಿ ಇದಕ್ಕೊಂದು ದಾರಿ ಇದೆ. ಐದು ಲೀಟರಿನ ಅಳತೆ ಕ್ಯಾನ್ ಇಟ್ಟಿರಲೇಬೇಕು, ಗಿರಾಕಿ ಕೇಳಿದರೆ ಅವನ ಕಣ್ಣೆದುರೇ ಅದಕ್ಕೆ ಹಿಡಿದು ತೋರಿಸಬೇಕು. 25 ಎಂ.ಎಲ್. ತನಕ ಆಚೀಚೆ ಆದರೆ ತಪ್ಪಲ್ಲ. ಮಾಮ ಕ್ಯಾನ್ ತರಿಸಿದರು, ಹಿಡಿಸಿದರು, ಗೆರೆಗೆ ಸರಿಯಾಗಿ ನಿಂತಿತು. ಮುಗೀತು, ಗೆದ್ದೆವು ಅಂದುಕೊಂಡೆವು. ಆ ಪುಣ್ಯಾತ್ಮ ಕ್ಯಾನ್ ತಿರುಗಿಸಿ ನೋಡಿದ. ತೂಕ ಅಳತೆ ಇಲಾಖೆಯವರು ಕಾಲಕಾಲಕ್ಕೆ ಪರೀಕ್ಷೆ ಮಾಡಿ ಮುದ್ರೆ ಹಾಕುತ್ತಾರಲ್ಲ, ಅದರ ಅವಧಿ ಮುಗಿದು ಎರಡು ತಿಂಗಳಾಗಿತ್ತು. "ಈ ಕ್ಯಾನೇ ಸರಿ ಐತೆ ಅಂತ ಯಾರ್ ಹೇಳಿದ್ದು ನಿಮಗೆ?" ಅಂದ.

ಮಾಮನ ಬಾಯಿ ಕಟ್ಟಿಹೋಯಿತು. ಇಲಾಖೆಯವರದೇನೂ ತಪ್ಪಿಲ್ಲ, ಮರೆತವರು ಇವರೇ. ಅಷ್ಟರಲ್ಲಿ ಇಬ್ಬರು ಮೊಬೈಲ್ ಎತ್ತಿ ವಿಡಿಯೋ ಮಾಡ್ತಾ ಇದ್ದರು. ಕೊನೆಗೆ ದುಡ್ಡು ವಾಪಸ್ ಕೊಟ್ಟು ಕಳಿಸಿದರು. ಅಳತೆ ಸರಿ ಇತ್ತು. ಸರಿ ಇತ್ತು ಅಂತ ತೋರಿಸೋಕೆ ಕೈಯಲ್ಲಿ ಏನೂ ಇರಲಿಲ್ಲ.

ಆ ರಾತ್ರಿ ಮಾಮ ಊಟ ಬಿಟ್ಟು ಕೂತಿದ್ದರು. ಸುಮ್ನೆ ಮನಸ್ಸು ಬೇರೆ ಕಡೆ ಹೋಗಲಿ ಅಂತ ನಾನು ಬ್ರೆಜಿಲ್ ಕಥೆ ತೆಗೆದೆ. ಅದೂ ಒಂದು ಬಂಕಿನಿಂದಲೇ ಶುರುವಾಗಿದ್ದು.

2014ರ ಮಾರ್ಚ್ 17. ಬ್ರೆಜಿಲ್‌ನ ಫೆಡರಲ್ ಪೊಲೀಸರು ಹವಾಲಾದವರ ಮೇಲೆ ದಾಳಿ ಮಾಡಿದರು. ರಾಜಧಾನಿ ಬ್ರೆಸಿಲಿಯಾದ ಒಂದು ಪೆಟ್ರೋಲ್ ಬಂಕಿನಲ್ಲಿ ಕಪ್ಪು ಹಣ ಬಿಳಿ ಮಾಡೋ ದಂಧೆ ನಡೀತಿತ್ತು, ಅದಕ್ಕೇ ತನಿಖೆಗೆ 'ಲಾವಾ ಜಾಟೊ' ಅಂತ ಹೆಸರಿಟ್ಟರು, ಅಂದರೆ ಕಾರ್ ವಾಷ್. ಸಿಕ್ಕಿಬಿದ್ದ ಹವಾಲಾ ಕುಳಗಳಲ್ಲಿ ಆಲ್ಬರ್ಟೊ ಯೂಸೆಫ್ ಅನ್ನೋನೊಬ್ಬ. ಇವನು ಒಂದು ರೇಂಜ್ ರೋವರ್ ಕಾರನ್ನು ಪಾಲೊ ರಾಬರ್ಟೊ ಕೋಸ್ಟಾ ಅನ್ನುವವರ ಹೆಸರಿಗೆ ಕೊಡಿಸಿದ್ದ. ಯಾರಪ್ಪಾ ಈ ಕೋಸ್ಟಾ ಅಂತ ನೋಡಿದರೆ, 2004ರಿಂದ 2012ರ ತನಕ ಪೆಟ್ರೋಬ್ರಾಸ್‌ನ ಡೈರೆಕ್ಟರ್. ಪೆಟ್ರೋಬ್ರಾಸ್ ಅಂದರೆ ಬ್ರೆಜಿಲ್‌ನ ಸರ್ಕಾರಿ ಎಣ್ಣೆ ಕಂಪನಿ, ಆ ದೇಶದ ಅತಿ ದೊಡ್ಡ ಕಂಪನಿ. ಹವಾಲಾದವನಿಗೂ ರಿಫೈನರಿ ನೋಡಿಕೊಳ್ಳೋ ಡೈರೆಕ್ಟರಿಗೂ ಏನು ನೆಂಟಸ್ತಿಕೆ?

"ಕಾರ್ ಕೊಟ್ಟು ಕೆಟ್ಟ ನೋಡು" ಅಂದರು ಮಾಮ. ಮೊದಲ ಸಲ ನಕ್ಕರು.

ಕೋಸ್ಟಾನ ಹೆಸರಲ್ಲಿ ಸ್ವಿಸ್ ಬ್ಯಾಂಕಿನಲ್ಲಿ 2.3 ಕೋಟಿ ಡಾಲರ್ ಸಿಕ್ಕಿತು. 2013ರಲ್ಲಿ ಅಲ್ಲೊಂದು ಹೊಸ ಕಾನೂನು ಬಂದಿತ್ತು, ನಮ್ಮ ಮಾಫಿ ಸಾಕ್ಷಿ ಥರದ್ದು. ಜೊತೆಗಾರರ ಹೆಸರು ಹೇಳಿ, ದುಡ್ಡು ವಾಪಸ್ ಕೊಟ್ಟರೆ ಶಿಕ್ಷೆ ಕಮ್ಮಿ. ಕೋಸ್ಟಾ ಬಾಯಿ ಬಿಟ್ಟ. ಆಮೇಲೆ ಯೂಸೆಫ್. ಆಮೇಲೆ ಮಜ್ಜಿಗೆ ಮಡಿಕೆ ಒಡೆದ ಹಾಗೆ ಸಾಲಾಗಿ ಎಲ್ಲರೂ. ಪೆಡ್ರೊ ಬರುಸ್ಕೊ ಅಂತ ಒಬ್ಬ ಮ್ಯಾನೇಜರ್, ನೋಡಿ, ಡೈರೆಕ್ಟರ್ ಕೂಡ ಅಲ್ಲ, ಬರೀ ಮ್ಯಾನೇಜರ್, ಹತ್ತಿರ ಹತ್ತಿರ 10 ಕೋಟಿ ಡಾಲರ್ ವಾಪಸ್ ಕೊಡ್ತೀನಿ ಅಂತ ಒಪ್ಪಿಕೊಂಡ.

ದುಡ್ಡು ಹೊಡೆದ ರೀತಿ ನಮ್ಮ ಊರಿನ ಚೀಟಿ ವ್ಯವಹಾರದ ಹಾಗೇ ಇತ್ತು. ದೊಡ್ಡ ದೊಡ್ಡ ಕಟ್ಟಡ ಕಂಪನಿಗಳು, ಓಡೆಬ್ರೆಕ್ಟ್, ಓಎಎಸ್, ಕಮಾರ್ಗೊ ಕೊರೆಯಾ, ಯುಟಿಸಿ ಇತ್ಯಾದಿ, ಒಂದು ಗುಂಪು ಮಾಡಿಕೊಂಡಿದ್ದವು. ಅದಕ್ಕೆ ಅವರೇ ಇಟ್ಟ ಹೆಸರು 'ಕ್ಲಬ್'. ಈ ಟೆಂಡರ್ ನಿನಗೆ, ಮುಂದಿನದು ಅವನಿಗೆ. ರಿಯೊ ಹತ್ತಿರದ ಕಾಂಪೆರ್ಜ್ ಅನ್ನೋ ಕಾಮಗಾರಿಯ ಕಾಂಟ್ರ್ಯಾಕ್ಟುಗಳನ್ನು ಹಂಚಿಕೊಂಡ ಪಟ್ಟಿಗೆ 'ಬಿಂಗೊ' ಅಂತ ತಲೆಬರಹ, ಕಾಂಟ್ರ್ಯಾಕ್ಟುಗಳಿಗೆ 'ಬಹುಮಾನ' ಅಂತ ಹೆಸರು. ಹಂಚಿಕೆಯ ನಿಯಮಗಳನ್ನು ಆಟದ ಟೂರ್ನಮೆಂಟಿನ ನಿಯಮಗಳ ಥರ ಬರೆದಿಟ್ಟಿದ್ದರು. ಕಳ್ಳತನಕ್ಕೂ ಲೆಡ್ಜರ್ ಬೇಕಲ್ವಾ, ಲೆಕ್ಕ ಬರೆಯೋನಾಗಿ ನನಗೆ ಇದು ಅರ್ಥ ಆಗುತ್ತೆ.

ಇಷ್ಟು ಸಲೀಸಾಗಿ ಆಗಿದ್ದು ಹೇಗೆ ಅಂದರೆ, 1998ರಲ್ಲೇ ಪೆಟ್ರೋಬ್ರಾಸ್‌ಗೆ ಸಾಮಾನ್ಯ ಸರ್ಕಾರಿ ಟೆಂಡರ್ ಕಾನೂನಿನಿಂದ ವಿನಾಯಿತಿ ಕೊಟ್ಟು, ತನಗೆ ಬೇಕಾದ ಕಂಪನಿಗಳನ್ನಷ್ಟೇ ಕರೆದು ದರ ಕೇಳೋ ಸರಳ ದಾರಿ ಮಾಡಿಕೊಟ್ಟಿದ್ದರು. ಬೇರೆ ದೇಶದ ಕಂಪನಿಗಳ ಜೊತೆ ಪೈಪೋಟಿ ಮಾಡಬೇಕು, ಬೇಗ ಬೇಗ ಕೆಲಸ ಆಗಬೇಕು ಅಂತ. ಉದ್ದೇಶ ಒಳ್ಳೆಯದೇ. ಆದರೆ ಯಾರನ್ನ ಕರೀಬೇಕು ಅನ್ನೋದು ಡೈರೆಕ್ಟರ್ ಕೈಯಲ್ಲಿ, ಡೈರೆಕ್ಟರ್ ಕುರ್ಚಿ ಪಕ್ಷಗಳ ಕೈಯಲ್ಲಿ. ಸಮ್ಮಿಶ್ರ ಸರ್ಕಾರದಲ್ಲಿ ಖಾತೆ ಹಂಚಿದ ಹಾಗೆ ಡೈರೆಕ್ಟರ್ ಹುದ್ದೆಗಳನ್ನ ಹಂಚಿಕೊಂಡಿದ್ದರು, ಒಂದು ವಿಭಾಗ ಆಳುವ ಪಕ್ಷದ್ದು, ಇನ್ನೊಂದು ಮಿತ್ರಪಕ್ಷದ್ದು. ಅದೇ ಹೊತ್ತಿಗೆ ಸಮುದ್ರದಡಿ ಉಪ್ಪಿನ ಪದರದ ಕೆಳಗೆ ಭಾರಿ ಎಣ್ಣೆ ಸಿಕ್ಕಿ, ರಿಫೈನರಿ, ಹಡಗು, ರಿಗ್ ಅಂತ ದುಡ್ಡಿನ ಹೊಳೆ ಹರಿಯೋಕೆ ಶುರುವಾಯಿತು.

ಪರ್ಸೆಂಟೇಜ್ ಎಷ್ಟು? ಹೆಚ್ಚುಕಮ್ಮಿ 3.

"ಬರೀ ಮೂರಾ?" ಅಂದರು ಮಾಮ. ನಲವತ್ತು ಪರ್ಸೆಂಟಿನ ಆರೋಪ ಕೇಳಿ ಕೇಳಿ ಕಿವಿ ಪಳಗಿದ ರಾಜ್ಯದವರು ನಾವು, ಇನ್ನೇನು ಹೇಳ್ತಾರೆ. ಆದರೆ ನಮ್ಮ ಬಂಕಿಗೆ ಲೀಟರಿಗೆ ಬರೋ ಕಮಿಷನ್ ಕೂಡ ಮೂರ್ನಾಲ್ಕು ರೂಪಾಯಿ, ಹತ್ತಿರ ಹತ್ತಿರ ಅಷ್ಟೇ ಪರ್ಸೆಂಟು. ಅದರಲ್ಲೇ ಆರು ಜನರ ಸಂಬಳ, ಕರೆಂಟ್ ಬಿಲ್ಲು, ಬಿಸಿಲಿಗೆ ಆವಿಯಾಗಿ ಹೋಗೋದು ಎಲ್ಲಾ ಬರಬೇಕು. ಪೆಟ್ರೋಬ್ರಾಸ್‌ನಲ್ಲಿ ಕೂತಲ್ಲೇ ಅಷ್ಟು ಬರುತ್ತಿತ್ತು.

ನನಗೆ ಬಲು ಖುಷಿ ಕೊಟ್ಟ ಸಂಗತಿ ಒಂದಿದೆ. 2015ರ ಏಪ್ರಿಲ್‌ನಲ್ಲಿ ಕಂಪನಿ ಹಿಂದಿನ ವರ್ಷದ ಲೆಕ್ಕ ಕೊಡಬೇಕಿತ್ತು. ಲಂಚಕ್ಕೆ ಹೋದ ದುಡ್ಡನ್ನು ಯಾವ ವೋಚರ್‌ನಲ್ಲಿ ಹುಡುಕೋದು? ಯಾರೂ ರಸೀದಿ ಕೊಟ್ಟಿರಲ್ಲ. ಆಗ ಅವರು ಏನು ಮಾಡಿದರು ಗೊತ್ತಾ, 2004ರಿಂದ 2012ರ ಏಪ್ರಿಲ್ ತನಕ ಆ ಗುಂಪಿನ 27 ಕಂಪನಿಗಳ ಜೊತೆ ಮಾಡಿಕೊಂಡ ಕಾಂಟ್ರ್ಯಾಕ್ಟುಗಳನ್ನೆಲ್ಲ ಕೂಡಿ, ಅದರ 3 ಪರ್ಸೆಂಟ್ ತೆಗೆದು, ಇಷ್ಟು ಕಳ್ಳತನ ಆಗಿದೆ ಅಂತ ಬರೆದುಬಿಟ್ಟರು. 620 ಕೋಟಿ ರಿಯಾಲ್. ರಿಯಾಲ್ ಅನ್ನೋದು ಅವರ ದುಡ್ಡು. ಜೊತೆಗೆ ಆಸ್ತಿಗಳ ಬೆಲೆ ಇಳಿಸಿ ಇನ್ನೊಂದು 4,460 ಕೋಟಿ ರಿಯಾಲ್ ಕಳೆದರು. ಅಂದರೆ ನಿಜವಾದ ಪೆಟ್ಟು ಆ ಮೂರು ಪರ್ಸೆಂಟಲ್ಲ. ಕಮಿಷನ್ ಆಸೆಗೆ ಬೇಡದ ಕಾಮಗಾರಿ, ಬೇಡದ ಖರೀದಿ ಮಾಡ್ತಾರಲ್ಲ, ಅದು. ಪೆರ್ನಂಬುಕೊದ ಅಬ್ರೇವು ಎ ಲಿಮಾ ರಿಫೈನರಿಗೆ ಮೊದಲು ಹಾಕಿದ ಅಂದಾಜು ಸುಮಾರು 250 ಕೋಟಿ ಡಾಲರ್, ಅದು ಏರಿ ಏರಿ 1,800 ಕೋಟಿ ದಾಟಿತು. ಅಮೆರಿಕದ ಟೆಕ್ಸಸ್‌ನ ಪಾಸಡೀನಾದಲ್ಲಿ ಒಂದು ಹಳೇ ರಿಫೈನರಿ ಇತ್ತು. 2005ರಲ್ಲಿ ಒಂದು ಕಂಪನಿ ಅದನ್ನು 4.25 ಕೋಟಿ ಡಾಲರಿಗೆ ತಗೊಂಡಿತ್ತು. ಮಾರನೇ ವರ್ಷ ಅದರ ಅರ್ಧ ಪಾಲಿಗೆ ಪೆಟ್ರೋಬ್ರಾಸ್ 36 ಕೋಟಿ ಕೊಟ್ಟಿತು, ಆಮೇಲೆ ಕೋರ್ಟು ಕಚೇರಿ ಅಂತ ಅಲೆದು ಪೂರ್ತಿ ಕೈಗೆ ಬರುವಷ್ಟರಲ್ಲಿ ಖರ್ಚಾಗಿದ್ದು 118 ಕೋಟಿ.

"ಹಳೇ ಲೂನಾನ ಬುಲೆಟ್ ರೇಟಿಗೆ ತಗೊಂಡಂಗಾತು" ಅಂದರು ಮಾಮ.

ಓಡೆಬ್ರೆಕ್ಟ್ ಕಂಪನಿಯದು ಬೇರೆಯೇ ಮಟ್ಟ. ಲಂಚ ಕೊಡೋಕೇ ಅಂತ ಒಂದು ಇಲಾಖೆ. 'ಸ್ಟ್ರಕ್ಚರ್ಡ್ ಆಪರೇಷನ್ಸ್' ಅಂತ ಬೋರ್ಡು, ಅದಕ್ಕೇ ಒಂದು ಸಾಫ್ಟ್‌ವೇರು, ದುಡ್ಡು ತಗೊಳ್ಳೋ ರಾಜಕಾರಣಿಗಳಿಗೆಲ್ಲ ಅಡ್ಡಹೆಸರು. 12 ದೇಶಗಳಲ್ಲಿ ಸುಮಾರು 78.8 ಕೋಟಿ ಡಾಲರ್ ಹಂಚಿದ್ದೇವೆ ಅಂತ 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋರ್ಟಿನಲ್ಲಿ ಒಪ್ಪಿಕೊಂಡರು. ಅದರ ಮುಖ್ಯಸ್ಥ ಮಾರ್ಸೆಲೊ ಓಡೆಬ್ರೆಕ್ಟ್‌ಗೆ ಅದೇ ವರ್ಷ 19 ವರ್ಷ ಜೈಲು ಅಂತ ತೀರ್ಪಾಗಿತ್ತು. ಅಷ್ಟು ದೊಡ್ಡ ಸಾಹುಕಾರ ಜೈಲಿಗೆ ಹೋಗಿದ್ದನ್ನು ನೋಡಿ ಜನ ಖುಷಿಪಟ್ಟರು. ತೀರ್ಪು ಕೊಟ್ಟ, ಕುರಿಟಿಬಾ ಅನ್ನೋ ಊರಿನ ಜಡ್ಜ್ ಸೆರ್ಜಿಯೊ ಮೊರೊ ದೇವರಾಗಿಬಿಟ್ಟರು.

ಕಾಮಗಾರಿಗಳೆಲ್ಲ ನಿಂತುಹೋಗಿ ಸಾವಿರಾರು ಕೂಲಿಕಾರರು ಮನೆಗೆ ಹೋದರು. ಕಾಂಪೆರ್ಜ್ ನಂಬಿ ಇಟಬೊರಾಯಿ ಅನ್ನೋ ಊರಲ್ಲಿ ಹೋಟೆಲು, ಅಂಗಡಿ, ಆಫೀಸು ಕಟ್ಟಿದವರು ಖಾಲಿ ಕಟ್ಟಡ ಇಟ್ಟುಕೊಂಡು ಕೂತರು. ಈ ಮಾತು ಬಂದಾಗ ಮಾಮ ಸುಮ್ಮನಾದರು. ಅಜ್ಜ ಇಲ್ಲಿ ಹತ್ತಿ ಮಿಲ್ಲಿನಲ್ಲಿದ್ದವರು. ಮಿಲ್ ಬಾಗಿಲು ಹಾಕಿದ ಮೇಲೆ ಊರು ಹೇಗಿರುತ್ತೆ ಅಂತ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಮಾಮನಿಗೆ ಹೇಳಬೇಕು ಅಂತಿದ್ದದ್ದು ಇದರ ಮುಂದಿನ ಭಾಗ.

2016ರ ಮಾರ್ಚ್‌ನಲ್ಲಿ ಮೊರೊ ಒಂದು ಫೋನ್ ಮಾತುಕತೆಯನ್ನು ಬಹಿರಂಗ ಮಾಡಿದರು. ಮಾಜಿ ಅಧ್ಯಕ್ಷ ಲೂಲಾ ಮತ್ತು ಆಗಿನ ಅಧ್ಯಕ್ಷೆ ದಿಲ್ಮಾ ರೂಸೆಫ್ ಮಾತಾಡಿದ್ದು. ದೇಶವೇ ಹೊತ್ತಿಕೊಂಡಿತು. ಆದರೆ ಆ ಕದ್ದಾಲಿಕೆ ನಿಲ್ಲಿಸಿ ಅಂತ ಅದೇ ಜಡ್ಜ್ ಅವತ್ತು ಬೆಳಗ್ಗೆಯೇ ಆದೇಶ ಮಾಡಿದ್ದರು. ಆ ಫೋನ್ ಬಂದದ್ದು ಅದಾಗಿ ಎರಡು ಗಂಟೆ ಮೇಲೆ, ಮಧ್ಯಾಹ್ನ. ಅನುಮತಿ ಮುಗಿದಿತ್ತು. ಆಮೇಲೆ ಸುಪ್ರೀಂ ಕೋರ್ಟಿನ ಮುಂದೆ ಮೊರೊ ಕ್ಷಮೆ ಕೇಳಿದರು.

ಮಾಮ ತಲೆ ಎತ್ತಿ ನೋಡಿದರು. "ಮುದ್ರೆ ಅವಧಿ ಮುಗಿದಿತ್ತು ಅನ್ನು."

ಹೂಂ ಮಾಮ, ಅದೇ.

ಬೀಚ್ ಎದುರಿನ ಒಂದು ಫ್ಲ್ಯಾಟನ್ನು ಲಂಚವಾಗಿ ಪಡೆದರು ಅನ್ನೋ ಕೇಸಿನಲ್ಲಿ ಲೂಲಾಗೆ ಮೊರೊ 2017ರಲ್ಲಿ ಶಿಕ್ಷೆ ಕೊಟ್ಟರು. 2018ರ ಏಪ್ರಿಲ್‌ನಲ್ಲಿ ಲೂಲಾ ಜೈಲಿಗೆ ಹೋದರು, ಆ ವರ್ಷದ ಚುನಾವಣೆಗೆ ನಿಲ್ಲೋಕಾಗಲಿಲ್ಲ, ಎದುರಾಳಿ ಬೊಲ್ಸೊನಾರೊ ಗೆದ್ದು ಅಧ್ಯಕ್ಷರಾದರು. ಗೆದ್ದವರ ಸರ್ಕಾರದಲ್ಲಿ ಮೊರೊ ಕಾನೂನು ಮಂತ್ರಿ ಆದರು! ನಮ್ಮ ಹಳ್ಳಿ ಕಬಡ್ಡಿ ಮ್ಯಾಚಿನಲ್ಲೂ ಅಂಪೈರ್ ಮರುದಿನ ಗೆದ್ದ ಟೀಮಿನ ಬನಿಯನ್ ಹಾಕಿಕೊಂಡು ಓಡಾಡಲ್ಲ. 2019ರ ಜೂನ್‌ನಲ್ಲಿ ದಿ ಇಂಟರ್‌ಸೆಪ್ಟ್ ಅನ್ನೋ ಸುದ್ದಿ ಸಂಸ್ಥೆ ಟೆಲಿಗ್ರಾಂ ಮೆಸೇಜುಗಳನ್ನು ಹೊರಗೆ ಹಾಕಿತು. ಜಡ್ಜೇ ಸರ್ಕಾರಿ ವಕೀಲರಿಗೆ ಸಲಹೆ ಕೊಡುತ್ತಿದ್ದದ್ದು ಅದರಲ್ಲಿತ್ತು. ಪೆಟ್ರೋಬ್ರಾಸ್ ಕಟ್ಟಿದ ದಂಡದಲ್ಲಿ ಒಂದು ಪಾಲು ತೆಗೆದು ಫೌಂಡೇಷನ್ ಮಾಡೋಕೂ ಆ ವಕೀಲರ ತಂಡ ಹೊರಟಿತ್ತು, ಸುಪ್ರೀಂ ಕೋರ್ಟ್ ತಡೆಯಿತು.

2021ರಲ್ಲಿ ಸುಪ್ರೀಂ ಕೋರ್ಟು ಲೂಲಾ ಮೇಲಿನ ತೀರ್ಪುಗಳನ್ನು ರದ್ದು ಮಾಡಿತು. ಆ ಕೇಸುಗಳು ಕುರಿಟಿಬಾದ ಕೋರ್ಟಿಗೆ ಸೇರಿದ್ದೇ ಅಲ್ಲ, ಜಡ್ಜ್ ಪಕ್ಷಪಾತ ಮಾಡಿದ್ದಾರೆ ಅಂತ. 580 ದಿನ ಒಳಗಿದ್ದ ಲೂಲಾ 2022ರಲ್ಲಿ ಗೆದ್ದು ಮತ್ತೆ ಅಧ್ಯಕ್ಷರಾದರು. ಅಲ್ಲಿಗೂ ನಿಲ್ಲಲಿಲ್ಲ. ಓಡೆಬ್ರೆಕ್ಟ್ ಕೊಟ್ಟ ದಾಖಲೆಗಳೆಲ್ಲ ಸಾಕ್ಷಿಯಾಗಿ ನಡೆಯಲ್ಲ ಅಂತ 2023ರಲ್ಲಿ ಜಸ್ಟಿಸ್ ಡಿಯಾಸ್ ಟೊಫೊಲಿ ಹೇಳಿದರು. 2024ರಲ್ಲಿ ಆ ಕಂಪನಿಯ ದಂಡಕ್ಕೆ ತಡೆ ಬಿತ್ತು, ಮಾರ್ಸೆಲೊ ಮೇಲಿನ ಲಾವಾ ಜಾಟೊ ಕೇಸುಗಳೂ ರದ್ದಾದವು. ತಪ್ಪು ಒಪ್ಪಿಕೊಂಡವನು. ತನ್ನ ಬಾಯಲ್ಲೇ ಹೇಳಿದವನು.

ಕೆಲವರು ಇದನ್ನು ನೋಡಿ ಎಲ್ಲಾ ಸುಳ್ಳು ಕೇಸು, ರಾಜಕೀಯ ಪಿತೂರಿ ಅಂತಾರೆ. ನಾನು ಒಪ್ಪಲ್ಲ. ಬರುಸ್ಕೊ ಹತ್ತು ಕೋಟಿ ಡಾಲರ್ ಎಲ್ಲಿಂದ ತಂದ ಹಾಗಾದ್ರೆ? 2018ರಲ್ಲಿ ಪೆಟ್ರೋಬ್ರಾಸ್ ಅಮೆರಿಕದಲ್ಲಿ ಷೇರುದಾರರಿಗೆ 295 ಕೋಟಿ ಡಾಲರ್ ಕೊಡೋಕೆ ಒಪ್ಪಿದ್ದು ಯಾಕೆ? ಇನ್ನು ಕೆಲವರು, ಅಷ್ಟು ದೊಡ್ಡ ಕಳ್ಳರನ್ನು ಹಿಡಿಯುವಾಗ ನಿಯಮ ನೋಡ್ತಾ ಕೂರೋಕಾಗುತ್ತಾ ಅಂತಾರೆ. ಅದನ್ನಂತೂ ಇನ್ನೂ ಒಪ್ಪಲ್ಲ, ಮಾಮನ ಬಂಕಿನಲ್ಲಿ ಆ ಸಂಜೆ ನಿಂತಿದ್ದ ಮೇಲೆ.

ಮಾಮ ಆಗ ಒಂದು ಹೆಸರು ತೆಗೆದರು. ಮಂಜುನಾಥ್ ಷಣ್ಮುಗಂ. ನಮ್ಮ ಕೋಲಾರ ಜಿಲ್ಲೆಯವರು, ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ, ಆಮೇಲೆ ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ್ ಖೀರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಸೀಲ್ ಹಾಕಿಸಿದ್ದರು. 2005ರ ನವೆಂಬರ್ 19ರ ರಾತ್ರಿ ಗುಂಡು ಹೊಡೆದು ಕೊಂದರು. ವಯಸ್ಸು 27. ಆಗೆಲ್ಲ ರೇಷನ್ ಸೀಮೆಎಣ್ಣೆಗೂ ಡೀಸೆಲ್‌ಗೂ ಬೆಲೆಯಲ್ಲಿ ಅಷ್ಟು ಅಂತರ ಇತ್ತು, ಬೆರೆಸಿದವನಿಗೆ ಲಾಭವೋ ಲಾಭ. ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದದ್ದೇ ಬೆರೆಸಿದರೆ ಗೊತ್ತಾಗಲಿ ಅಂತ. ಆರು ಜನಕ್ಕೆ ಜೀವಾವಧಿ ಆಯಿತು, 2015ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು.

"ಅಲ್ಲಲೇ, ಅಲ್ಲಿ ಕದ್ದೋನು ಹೆಸರು ಹೇಳಿ ಮನೆಗೆ ಹೋದ, ಇಲ್ಲಿ ಹಿಡಿಯೋಕೆ ಹೋದೋನು ಹೆಣ ಆದ" ಅಂದರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಕೋಸ್ಟಾ ಕಾಲಿಗೆ ಎಲೆಕ್ಟ್ರಾನಿಕ್ ಕಡಗ ಹಾಕಿಕೊಂಡು ಮನೆಯಲ್ಲೇ ಇದ್ದ, ನಿಜ.

ಮಾರನೇ ದಿನವೇ ಮಾಮ ಕ್ಯಾನ್ ತಗೊಂಡು ಸ್ಕೂಟರಿನಲ್ಲಿ ಮುದ್ರೆ ಹಾಕಿಸೋಕೆ ಹೊರಟರು. ಹಬ್ಬದ ರಜೆ, ಆಫೀಸಿಗೆ ಬೀಗ. ಮತ್ತೆ ಮೂರು ದಿನ ಬಿಟ್ಟು ಹೋಗಿ ಹಾಕಿಸಿಕೊಂಡು ಬಂದರು. ಈಗ ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಇದೆ. ಕಲಬೆರಕೆ ಇಲ್ಲ ಅಂತ ತೋರಿಸೋಕೆ ಡೆನ್ಸಿಟಿ ಬರೆಯೋ ಪುಸ್ತಕ, ಫಿಲ್ಟರ್ ಪೇಪರ್ ಎಲ್ಲಾ ಗಲ್ಲಾ ಪಕ್ಕದಲ್ಲೇ, ಯಾರೂ ಕೇಳದಿದ್ದರೂ.

ಮೊನ್ನೆ ಆ ಮೆಕ್ಕೆಜೋಳದ ಗಾಡಿಯವನು ಮತ್ತೆ ಬಂದಿದ್ದ. ಎರಡು ಸಾವಿರದ್ದು ಹಾಕಿ ಅಂದ. ಹುಡುಗ ಹಾಕಿದ. ಮಾಮ ಒಳಗಿಂದ ಕ್ಯಾನ್ ಹಿಡಿದುಕೊಂಡೇ ಓಡಿ ಬಂದರು, ಮುದ್ರೆ ಇರೋ ಕಡೆ ಅವನ ಮುಖಕ್ಕೆ ತಿರುಗಿಸಿ, "ನೋಡ್ತೀಯೇನಪ್ಪಾ ಅಳತೆ?" ಅಂದರು.

"ಬ್ಯಾಡ ಬಿಡ್ರಿ, ಮಳೆ ಬರಂಗೈತೆ, ಲೋಡ್ ನೆನೀತತೆ" ಅಂತ ಅವನು ಗಾಡಿ ಸ್ಟಾರ್ಟ್ ಮಾಡಿ ಹೋಗೇಬಿಟ್ಟ.