ಕಂಪನಿ ಹೆಸರಲ್ಲಿ ಸ್ಟಾಕ್ ಗ್ರೂಪ್ ಮಾಡಬೇಡಿ

ತಾಲೂಕು ಊರುಗಳ ಹಾರ್ಡ್‌ವೇರ್ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಹೊಸ ಅಂಗಡಿಯ ಲೆಕ್ಕ ಕೈಗೆ ಬಂದಾಗ ಟ್ಯಾಲಿ ಪ್ರೈಮ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ತೆರೆದು ಮೊದಲು ನೋಡುವುದು ಸ್ಟಾಕ್ ಸಮ್ಮರಿ, ಅಂದರೆ ಅಂಗಡಿಯಲ್ಲಿರುವ ಮಾಲಿನ ಪಟ್ಟಿ. ಒಂದೋ ಎಲ್ಲ ಐಟಂಗಳೂ ಯಾವ ಗ್ರೂಪಿಗೂ ಸೇರದೆ ಪ್ರೈಮರಿ ಅಡಿಯಲ್ಲೇ ಉದ್ದಕ್ಕೆ ಬಿದ್ದಿರುತ್ತವೆ, ಇಲ್ಲವೇ ಮಾಲು ತಯಾರಿಸಿದ ಕಂಪನಿಯ ಹೆಸರಲ್ಲಿ ಗ್ರೂಪ್ ಮಾಡಿರುತ್ತಾರೆ. ಎರಡನೆಯದು ನೋಡೋಕೆ ನೀಟಾಗಿ ಕಾಣುತ್ತದೆ. ಆದರೆ ಅಂಗಡಿ ನಡೆಸುವವರಿಗೆ ಅದರಿಂದ ಜಾಸ್ತಿ ಉಪಯೋಗವಿಲ್ಲ.

ಯಾಕೆ ಅಂದರೆ, ಗಿರಾಕಿ ಬಂದು ಕೇಳುವುದು 'ಒಂದಿಂಚಿನ ಎಲ್ಬೋ ಹತ್ತು ಕೊಡಿ' ಅಂತ. ಯಾವ ಕಂಪನಿ ಅನ್ನೋದು ಆಮೇಲಿನ ಮಾತು. ಮಾಲೀಕರಿಗೆ ಬೇಕಾಗಿರುವುದೂ ಅದೇ: ಪೈಪಿನಲ್ಲಿ ಎಷ್ಟು ದುಡ್ಡು ಕೂತಿದೆ, ವೈರ್ ಎಷ್ಟು ಉಳಿದಿದೆ, ಬಣ್ಣದ ಡಬ್ಬಗಳು ಯಾಕೆ ಹೋಗುತ್ತಿಲ್ಲ. ಕಂಪನಿ ಹೆಸರಿನ ಗ್ರೂಪ್ ಇದ್ದರೆ, ಪೈಪಿನ ಒಟ್ಟು ಬೆಲೆ ತಿಳಿಯೋಕೆ ನಾಲ್ಕು ಕಡೆ ಹುಡುಕಿ ಕ್ಯಾಲ್ಕುಲೇಟರ್ ಹಿಡಿದು ಕೂಡಬೇಕು. ಕಂಪ್ಯೂಟರ್ ಇಟ್ಟುಕೊಂಡು ಆ ಕೆಲಸ ಯಾಕೆ ಮಾಡಬೇಕು?

ಟ್ಯಾಲಿಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಸೌಲಭ್ಯ ಇವೆ. ಜನ ಬಳಸುವುದು ಒಂದನ್ನೇ. ಸ್ಟಾಕ್ ಗ್ರೂಪ್ ಅಂದರೆ ಮಾಲು ಯಾವ ಜಾತಿಯದು ಅನ್ನೋದು: ಪ್ಲಂಬಿಂಗ್, ಅದರೊಳಗೆ ಪಿವಿಸಿ ಪೈಪ್, ಫಿಟ್ಟಿಂಗ್ಸ್, ನಲ್ಲಿಗಳು. ಗ್ರೂಪಿನೊಳಗೆ ಗ್ರೂಪ್ ಮಾಡಬಹುದು. ಸ್ಟಾಕ್ ಕ್ಯಾಟಗರಿ ಇದಕ್ಕೆ ಅಡ್ಡಲಾಗಿ ಹೋಗುತ್ತದೆ. ಕಂಪನಿ ಹೆಸರು ಇಲ್ಲಿ ಬರಬೇಕು. ಒಂದು ಎಲ್ಬೋ ಫಿಟ್ಟಿಂಗ್ಸ್ ಗ್ರೂಪಿನಲ್ಲೂ ಇರುತ್ತದೆ, ತನ್ನ ಕಂಪನಿಯ ಕ್ಯಾಟಗರಿಯಲ್ಲೂ ಇರುತ್ತದೆ. ಕಂಪನಿಯ ಏಜೆಂಟ್ ಬಂದು 'ನಮ್ಮ ಮಾಲು ಎಷ್ಟಿದೆ' ಅಂತ ಕೇಳಿದಾಗ ಆಲ್ಟ್ ಜಿ ಒತ್ತಿ ಸ್ಟಾಕ್ ಕ್ಯಾಟಗರಿ ಸಮ್ಮರಿ ತೆಗೆದರೆ ಆಯಿತು. ಕ್ರಿಯೇಟ್‌ಗೆ ಹೋಗಿ ಸ್ಟಾಕ್ ಕ್ಯಾಟಗರಿ ಆರಿಸಿ, ಅದು ಆಫ್ ಇದ್ದರೆ ಆನ್ ಮಾಡಲೇ ಎಂದು ಅದೇ ಕೇಳುತ್ತದೆ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್ ಬೇಕು ಅಂದಾಗ ಮಗ ಭರತ್ ಬರೆಯೋಕೆ ಶುರುಮಾಡಿದ್ದು ಈ ಟ್ಯಾಲಿ. ವ್ಯಾಪಾರಿ ಮನೆಯಲ್ಲಿ ಹುಟ್ಟಿದ ಸಾಫ್ಟ್‌ವೇರ್ ಆದ್ದರಿಂದಲೋ ಏನೋ, ಅಂಗಡಿಯವರಿಗೆ ಬೇಕಾದ್ದು ಹುಡುಕಿದರೆ ಅದರಲ್ಲಿ ಸಿಗುತ್ತದೆ.

ಗ್ರೂಪ್ ಸರಿ ಇರಬೇಕು ಅಂತ ನಾನು ಇಷ್ಟು ಹೇಳುವುದಕ್ಕೆ ದೊಡ್ಡ ಕಾರಣ ಜಿಎಸ್‌ಟಿ. ಹಳ್ಳಿ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೇ ಸೂರಿನಡಿ ಎಲ್ಲ ಥರದ ದರ ಇರುತ್ತದೆ. ಗುದ್ದಲಿ, ಪಿಕಾಸಿ, ಕುಡುಗೋಲಿಗೆ ತೆರಿಗೆ ಇಲ್ಲ. ಪಿವಿಸಿ ಪೈಪ್, ವೈರ್, ಸ್ವಿಚ್‌ಗೆ 18%. ಸಿಮೆಂಟ್‌ಗೆ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 18% ಆಯಿತು. ಅದೇ ದಿನ ಹನಿ ನೀರಾವರಿ ಸಾಮಾನಿನ ದರ 12%ರಿಂದ 5%ಕ್ಕೆ ಇಳಿಯಿತು. ಟ್ಯಾಲಿಯಲ್ಲಿ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗೆ ಮಾಲು ಯಾವುದು ಅಂತ ಗುರುತಿಸುವ ಸಂಖ್ಯೆ), ತೆರಿಗೆ ದರ ಎರಡನ್ನೂ ಗ್ರೂಪಿನಲ್ಲೇ ಕೊಡಬಹುದು, ಅದರ ಕೆಳಗಿನ ಐಟಂಗಳೆಲ್ಲ ಅದನ್ನೇ ತೆಗೆದುಕೊಳ್ಳುತ್ತವೆ. ಸಿಮೆಂಟ್ ಅಂತ ಒಂದು ಗ್ರೂಪ್ ಇದ್ದವರು ಅವತ್ತು ಒಂದೇ ಕಡೆ ಹೊಸ ದರ ಹಾಕಿ, ಎಂದಿನಿಂದ ಅನ್ವಯ ಅಂತ ತಾರೀಕು ಕೊಟ್ಟು ಮುಗಿಸಿದರು. ಕಂಪನಿ ಹೆಸರಲ್ಲಿ ಗ್ರೂಪ್ ಮಾಡಿದವರು ಒಂದೊಂದೇ ಐಟಂ ತೆರೆದು ತಿದ್ದುತ್ತಾ ಕೂತರು. ಹಾಗೆ ತಿದ್ದುವಾಗ ಒಂದೆರಡು ಬಿಟ್ಟುಹೋದರೆ ಗೊತ್ತಾಗುವುದು ಜಿಎಸ್‌ಟಿ ರಿಟರ್ನ್ ಹಾಕುವಾಗ, ಅಥವಾ ಗಿರಾಕಿ ಬಿಲ್ ಹಿಡಿದು ವಾಪಸ್ ಬಂದಾಗ. ಒಂದು ಎಚ್ಚರ: ಐಟಂನಲ್ಲೇ ಬೇರೆ ದರ ಬರೆದಿದ್ದರೆ ಗ್ರೂಪಿನ ದರ ಅಲ್ಲಿಗೆ ತಲುಪುವುದಿಲ್ಲ. ಅದನ್ನು ತೆಗೆದು ಗ್ರೂಪಿನಂತೆ ಅಂತ ಬಿಡಿ.

ಇನ್ನು ಯೂನಿಟ್. ಮೊಳೆ, ಬೈಂಡಿಂಗ್ ವೈರ್ ಕೆಜಿ ಲೆಕ್ಕ. ಪೈಪ್ ಲೆಂತ್ ಲೆಕ್ಕ. ಕರೆಂಟ್ ವೈರ್ ಕಾಯಿಲ್ ಬರುತ್ತದೆ, ಬಿಡಿಯಾಗಿ ಮೀಟರ್ ಹೋಗುತ್ತದೆ. ಬಿಡಿ ಮಾರುವವರು ಮೀಟರನ್ನೇ ಮೂಲ ಯೂನಿಟ್ ಮಾಡಿ, ಒಂದು ಕಾಯಿಲ್‌ಗೆ 90 ಮೀಟರ್ ಅಂತ ಆಲ್ಟರ್ನೇಟ್ ಯೂನಿಟ್ ಕೊಡಿ. ವ್ಯವಹಾರ ನಡೆದ ಮೇಲೆ ಯೂನಿಟ್ ಬದಲಿಸೋಕೆ ಹೋದರೆ ಬರೀ ತಲೆನೋವು, ಅದಕ್ಕೇ ಶುರುವಿನಲ್ಲೇ ಯೋಚಿಸಿ. ಗ್ರೂಪ್ ಮಾಡುವಾಗ 'ಐಟಂಗಳ ಪ್ರಮಾಣ ಕೂಡಿಸಬೇಕೇ' ಅಂತ ಕೇಳುತ್ತದಲ್ಲ, ಒಂದೇ ಯೂನಿಟ್ ಇರುವ ಗ್ರೂಪಿಗೆ ಮಾತ್ರ ಯೆಸ್ ಕೊಡಿ. ಕೆಜಿ ಮೊಳೆಗೆ ಡಜನ್ ಚಿಲಕ ಕೂಡಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ.

ಐಟಂ ಹೆಸರಿಗೆ ಒಂದೇ ಕ್ರಮ ಇಟ್ಟುಕೊಳ್ಳಿ. ಮೊದಲು ಮಾಲು, ಆಮೇಲೆ ಸೈಜ್, ಕೊನೆಗೆ ಕಂಪನಿ. ಕೌಂಟರಿನ ಹುಡುಗರು ಬಾಯಲ್ಲಿ ಹೇಳುವ ಹೆಸರನ್ನು ಅಲಿಯಾಸ್‌ನಲ್ಲಿ ಹಾಕಿ. ಒಂದೇ ಮಾಲು ಎರಡು ಹೆಸರಲ್ಲಿ ಸೇರಿಕೊಳ್ಳುವುದು ಇದರಿಂದ ಬಹಳ ಕಡಿಮೆಯಾಗುತ್ತದೆ. ಈಗಾಗಲೇ ಸೇರಿಕೊಂಡಿದ್ದರೆ ಆಲ್ಟ್ ಎಫ್7 ಸ್ಟಾಕ್ ಜರ್ನಲ್‌ನಲ್ಲಿ ಒಂದರಿಂದ ಇನ್ನೊಂದಕ್ಕೆ ವರ್ಗ ಮಾಡಿ.

'ಇತರೆ' ಅನ್ನೋ ಗ್ರೂಪ್ ಮಾತ್ರ ದಯವಿಟ್ಟು ಬೇಡ. ಬಿಲ್ ಹಾಕುವ ಅವಸರದಲ್ಲಿ ಹೊಸ ಐಟಂ ಎಲ್ಲಾ ಅಲ್ಲಿಗೇ ಹೋಗಿ ಬೀಳುತ್ತದೆ, ವರ್ಷ ಕಳೆಯುವಷ್ಟರಲ್ಲಿ ಅದೇ ದೊಡ್ಡ ಗ್ರೂಪ್ ಆಗಿರುತ್ತದೆ. ಹಾಗಂತ ಸಣ್ಣ ಸಣ್ಣದಕ್ಕೆಲ್ಲ ಗ್ರೂಪ್ ಮಾಡುತ್ತಾ ಹೋಗುವುದೂ ಬೇಡ. ಆ ಗ್ರೂಪಿನ ಒಟ್ಟು ಮೊತ್ತ ನಿಮಗೆ ಎಂದಾದರೂ ಬೇಕಾಗುತ್ತದಾ? ಇಲ್ಲ ಅಂದರೆ ಅದು ಸುಮ್ನೆ.

ಈಗಾಗಲೇ ಎರಡು ಮೂರು ವರ್ಷದ ಲೆಕ್ಕ ಇದೆ, ಹೇಗೆ ತಿದ್ದೋದು ಅಂತ ತುಂಬ ಜನ ಕೇಳುತ್ತಾರೆ. ಹೆದರಬೇಡಿ. ಕಂಪ್ಯೂಟರ್ ಮುಂದೆ ಕೂಡುವ ಮೊದಲು ಒಂದು ನೋಟ್‌ಬುಕ್ ಹಿಡಿದು ಅಂಗಡಿಯ ರ‍್ಯಾಕುಗಳನ್ನು ಒಂದು ಸುತ್ತು ನೋಡಿ ಬನ್ನಿ. ಕೆಲಸದ ಹುಡುಗರು ಮಾಲನ್ನು ಎಲ್ಲೆಲ್ಲಿ ಜೋಡಿಸಿದ್ದಾರೋ ಅದರಲ್ಲೇ ಅರ್ಧ ಗ್ರೂಪ್ ಸಿಗುತ್ತದೆ, ಯಾಕೆಂದರೆ ಕೈಗೆ ಬೇಗ ಸಿಗುವ ಹಾಗೆ ಅವರು ಆಗಲೇ ವಿಂಗಡಿಸಿದ್ದಾರೆ. ಆಮೇಲೆ ಬ್ಯಾಕಪ್ ತೆಗೆದುಕೊಂಡು ಹೊಸ ಗ್ರೂಪ್‌ಗಳನ್ನು ಮಾಡಿ. ಚಾರ್ಟ್ ಆಫ್ ಅಕೌಂಟ್ಸ್‌ನಲ್ಲಿ ಆಲ್ಟ್ ಎಚ್ ಒತ್ತಿದರೆ ಮಲ್ಟಿ ಆಲ್ಟರ್ ಸಿಗುತ್ತದೆ, ಎಲ್ಲ ಐಟಂಗಳನ್ನೂ ಒಂದೇ ಪಟ್ಟಿಯಲ್ಲಿ ಹೊಸ ಗ್ರೂಪಿಗೆ ಹಾಕಬಹುದು. ಹಳೆಯ ಬಿಲ್ಲುಗಳಲ್ಲಿನ ಐಟಂ, ಪ್ರಮಾಣ, ರೇಟು ಹಾಗೇ ಇರುತ್ತವೆ.

ಇದನ್ನು ಮಾರ್ಚ್‌ನಲ್ಲಿ ಇಟ್ಟುಕೊಳ್ಳಿ. ಆಗ ಹೇಗಿದ್ದರೂ ಮಾಲು ಎಣಿಸುತ್ತೀರಿ, ಅಲ್ವಾ? ಹೊಸ ಗ್ರೂಪ್ ಪ್ರಕಾರವೇ ಪ್ರಿಂಟ್ ತೆಗೆದು ರ‍್ಯಾಕಿಗೊಬ್ಬರಂತೆ ಎಣಿಸಿ. ಸಿಕ್ಕ ಲೆಕ್ಕವನ್ನು ಕಂಟ್ರೋಲ್ ಎಫ್7 ಫಿಸಿಕಲ್ ಸ್ಟಾಕ್‌ನಲ್ಲಿ ಹಾಕಿ, ಏಪ್ರಿಲ್ 1ರ ಮೊದಲ ಬಿಲ್ ಅದರ ಮೇಲೆ ಹಾಕಿ.