ಕಾಳಿ ಅಳಿವೆಯಲ್ಲಿ ಕಣ ಹಿಡಿಯುವ ಪೈಪು: ಮಳೆಗಾಲದ ನಂತರದ ಕೆಲಸ

ಮಳೆ ನಿಂತಿತು, ಪೈಪು ಮತ್ತೆ ನೀರಿಗೆ ಇಳಿದಿದೆ. ಹೊಸದಾಗಿ ಓದುವವರಿಗೆ ಹೇಳಬೇಕಲ್ವಾ: ಇದು ನೀರಿನಲ್ಲಿ ಮೇಲಿಂದ ಕೆಳಗೆ ಬೀಳುವ ಕಣ ಹಿಡಿಯುವ ಸಾಧನ. 75 ಮಿ.ಮೀ. ಅಗಲ, 60 ಸೆಂ.ಮೀ. ಉದ್ದದ ಪಿವಿಸಿ ಪೈಪು, ತಳಕ್ಕೆ ಮುಚ್ಚಳ, ಕಲ್ಲು ಕಟ್ಟಿದ ಹಗ್ಗ, ತೇಲಲು ಖಾಲಿ ಕ್ಯಾನು. ಅಗಲಕ್ಕಿಂತ ಉದ್ದ ಹಲವು ಪಟ್ಟು ಇರಲೇಬೇಕು. ಇಲ್ಲದಿದ್ದರೆ ಒಳಗೆ ಕೂತದ್ದನ್ನು ಹರಿವು ಎಬ್ಬಿಸಿಕೊಂಡು ಹೋಗುತ್ತದೆ. ತಳದಲ್ಲಿ ಸಾಣಿಕಟ್ಟೆ ಉಪ್ಪು ಕರಗಿಸಿದ ನೀರು ತುಂಬುತ್ತೇನೆ. ಭಾರದ ನೀರು, ಅಲ್ಲಾಡುವುದು ಕಡಿಮೆ.

ಈ ಹುಚ್ಚು ಹತ್ತಿದ್ದು ಧ್ರುವ ಸಮುದ್ರಗಳ ಬಗ್ಗೆ ಓದಿ. ಅಲ್ಲಿ ದೊಡ್ಡ ಆಲಿಕೆಯಂಥ ಬಲೆಯನ್ನು ಆಳದಲ್ಲಿ ಕಟ್ಟಿ ಬರುತ್ತಾರೆ. ಅದರ ಕೆಳಗೆ ಬಾಟಲಿಗಳ ಚಕ್ರ. ಮೋಟಾರು ನಿಗದಿತ ದಿನಕ್ಕೆ ಒಂದೊಂದೇ ಬಾಟಲಿಯನ್ನು ಬಾಯಿಗೆ ತರುತ್ತದೆ. ಚಳಿಗಾಲದಲ್ಲಿ ಹಿಮದ ನಡುವೆ ಹಡಗು ಹೋಗುವುದು ಕಷ್ಟ, ಹಾಗಾಗಿ ವರ್ಷವಿಡೀ ಅದೊಂದೇ ಅಲ್ಲಿ ದುಡಿಯಬೇಕು. ಆಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟರೆ ಋತುಗಳೇ ಕಾಣುತ್ತವೆ. ಅಂಟಾರ್ಕ್ಟಿಕಾದಲ್ಲಿ ಚಳಿಗಾಲದವು ಹೆಚ್ಚುಕಡಿಮೆ ಖಾಲಿ. ಡಿಸೆಂಬರ್, ಜನವರಿ ಅಲ್ಲಿ ಬೇಸಿಗೆ, ಆ ಹೊತ್ತಿಗೆ ಹಿಮ ಕರಗಿ, ಬೆಳಕು ಬಿದ್ದು, ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿ ಏಳುತ್ತದೆ. ಅದನ್ನು ಕ್ರಿಲ್ ಎಂಬ ಸೀಗಡಿಯಂಥ ಪುಟ್ಟ ಜೀವಿ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ. ಮೂಗು ಮುರಿಯಬೇಡಿ, ಆಟ ಇರುವುದೇ ಅಲ್ಲಿ! ಒಂಟಿ ಪಾಚಿ ತೀರಾ ನಿಧಾನ. ಕ್ರಿಲ್ ಹಿಕ್ಕೆಯಾದರೆ ದಿನಕ್ಕೆ ನೂರಾರು ಮೀಟರ್ ಇಳಿಯುತ್ತದೆ. ವರ್ಷದ ಹೆಚ್ಚಿನ ಪಾಲು ಕೆಲವೇ ವಾರಗಳಲ್ಲಿ ಬಿದ್ದು ಮುಗಿಯುತ್ತದೆ.

ನಮ್ಮ ಅರಬ್ಬೀ ಸಮುದ್ರದಲ್ಲೂ 1986ರಿಂದ ಗೋವಾದ ಸಮುದ್ರ ವಿಜ್ಞಾನ ಸಂಸ್ಥೆಯವರು ಜರ್ಮನರ ಜೊತೆ ಸೇರಿ ಇಂಥ ಬಲೆ ಹಾಕಿದ್ದರು. ಇಲ್ಲಿ ಕಣ ಜಾಸ್ತಿ ಬೀಳುವುದು ಮುಂಗಾರಿನಲ್ಲಿ, ಮತ್ತೆ ಚಳಿಗಾಲದ ಗಾಳಿಯಲ್ಲಿ. ಅಲ್ಲಿ ಹಿಮ, ಬೆಳಕು. ಇಲ್ಲಿ ಗಾಳಿ.

ಅಳಿವೆಯಲ್ಲಿ ಮಾತ್ರ ಮಣ್ಣಿನದೇ ರಾಜ್ಯ. ಭರತ ಇಳಿತ ತಳದ ಕೆಸರನ್ನು ಕಲಕುತ್ತಲೇ ಇರುತ್ತದೆ. ಪೈಪಿನಲ್ಲಿ ಕೂತದ್ದು ಮೇಲಿಂದ ಬಿದ್ದದ್ದೋ, ಕೆಳಗಿಂದ ಎದ್ದು ಬಂದದ್ದೋ? ಅದಕ್ಕೇ ಈ ಸಲ ಒಂದೇ ಹಗ್ಗಕ್ಕೆ ಎರಡು ಪೈಪು. ಒಂದು ತಳದ ಹತ್ತಿರ, ಇನ್ನೊಂದು ಮೇಲೆ. ಒಣಗಿಸಿ ತೂಗಿದರೆ ಕೆಳಗಿನದು ಪ್ರತಿ ಸಲ ಜಾಸ್ತಿ. ಆ ವ್ಯತ್ಯಾಸದಲ್ಲಿ ಬಹುಪಾಲು ಎದ್ದ ಕೆಸರು ಎಂದು ನನ್ನ ಲೆಕ್ಕ. ಆಳ ಸಮುದ್ರದವರೂ ಇದೇ ಕಾರಣಕ್ಕೆ ಬಲೆಯನ್ನು ತಳದಿಂದ ಸಾಕಷ್ಟು ಮೇಲೆ ಕಟ್ಟುತ್ತಾರೆ.

ಪೈಪಿನೊಳಗೆ ಸಣ್ಣ ಶೆಟ್ಲಿ (ಸೀಗಡಿ) ಮರಿಗಳೂ ಸಿಕ್ಕವು. ದೋಣಿಯವರು ನಕ್ಕರು: "ತಮ್ಮಾ, ಶೆಟ್ಲಿ ಬೇಕಾದ್ರೆ ಬಲೆ ಕೊಡ್ತೆ, ಪೈಪು ಯಾಕೆ?" ಇವು ಬಿದ್ದವಲ್ಲ, ಈಜಿ ಬಂದವು. ಚಿಮುಟದಲ್ಲಿ ಹೆಕ್ಕಿ ತೆಗೆದೇ ತೂಗಬೇಕು. ಪ್ರಯೋಗಾಲಯಗಳಲ್ಲೂ ಇದೇ ಕೆಲಸ, ಸೂಕ್ಷ್ಮದರ್ಶಕದ ಕೆಳಗೆ.

ಇನ್ನು ಬಾಟಲಿ ಬದಲಿಸುವ ವ್ಯವಸ್ಥೆ. ಮೋಟಾರಿನ ಚಕ್ರ ನನ್ನ ಕೈಗೆ ನಿಲುಕದು, ಸುಮ್ನೆ ಆಸೆ ಪಡುವುದಿಲ್ಲ. ಪೈಪಿನ ತಳಕ್ಕೆ ಬಾಲ್ ವಾಲ್ವ್, ಅದರ ಕೆಳಗೆ ತಿರುಗಿಸಿ ಕೂರಿಸುವ ಬಾಟಲಿ. ಬದಲಿಸುವುದು ಅಷ್ಟಮಿಯಿಂದ ಅಷ್ಟಮಿಗೆ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಭರತ ಜೋರು, ಕೆಸರೂ ಜಾಸ್ತಿ ಏಳುತ್ತದೆ. ಹೀಗೆ ಮಾಡಿದರೆ ಪ್ರತಿ ಬಾಟಲಿಗೂ ಒಂದೊಂದು ದೊಡ್ಡ ಭರತ ಸಿಗುತ್ತದೆ, ಹೋಲಿಸಲು ಬರುತ್ತದೆ. ವಾಲ್ವ್ ಸಿಕ್ಕಿದೆ. ಬಾಟಲಿಯ ಕುತ್ತಿಗೆಗೆ ಹೊಂದುವ ಥ್ರೆಡ್ಡಿನ ಅಡಾಪ್ಟರ್ ಇಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯಿಂದ ಬರುವವರು ಯಾರಾದರೂ ಇದ್ದರೆ ಹೇಳಿ.